ಬಜಪೆ ಕೌಂಟರಿನಲ್ಲಿ ಪೆಟ್ಟಿಗೆ ಬಿಚ್ಚುವ ಮೊದಲು

ಬಜಪೆಯಲ್ಲಿರುವ ಮಂಗಳೂರು ವಿಮಾನ ನಿಲ್ದಾಣದಲ್ಲಿ ಗಲ್ಫ್ ವಿಮಾನದ ಚೆಕ್-ಇನ್ ನಡೆಯುವ ಹೊತ್ತಿಗೆ ಹೋದರೆ, ಕೌಂಟರಿನಿಂದ ಸ್ವಲ್ಪ ಆಚೆ ಯಾರಾದರೊಬ್ಬರು ನೆಲದ ಮೇಲೆ ಕೂತು ಪೆಟ್ಟಿಗೆ ಬಿಚ್ಚುತ್ತಿರುವುದು ಕಾಣಸಿಗುತ್ತದೆ. ಬಟ್ಟೆಯ ಅಡಿಯಿಂದ ಕುಚ್ಚಲಕ್ಕಿಯ ಚೀಲ ಹೊರಗೆ ಬರುತ್ತದೆ, ಹಲಸಿನ ಹಪ್ಪಳದ ಕಟ್ಟು ಬರುತ್ತದೆ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಸುತ್ತಿ ಇಟ್ಟ ಉಪ್ಪಿನಕಾಯಿ ಡಬ್ಬ ಬರುತ್ತದೆ. ಯಾವುದನ್ನು ಬಿಡುವುದು, ಯಾವುದನ್ನು ಕೈಚೀಲಕ್ಕೆ ತುರುಕುವುದು ಎಂಬುದು ಹೊರಗೆ ನಿಂತ ಮನೆಯವರ ಜೊತೆ ಫೋನಿನಲ್ಲೇ ತೀರ್ಮಾನವಾಗಬೇಕು. ಹಿಂದೆ ಸಾಲು ಬೆಳೆಯುತ್ತಿರುತ್ತದೆ. ಹಾಗೆ ಕೈಚೀಲಕ್ಕೆ ಹೋದ ಉಪ್ಪಿನಕಾಯಿ ಹತ್ತೇ ನಿಮಿಷದಲ್ಲಿ ಭದ್ರತಾ ತಪಾಸಣೆಯ ಮೇಜಿನ ಮೇಲೆ ಉಳಿದುಹೋಗುತ್ತದೆ.

ಇದರಲ್ಲಿ ಪ್ರಯಾಣಿಕರ ತಪ್ಪಿಗಿಂತ ಗೊಂದಲವೇ ಹೆಚ್ಚು. ‘ಲಗೇಜಿನ ನಿಯಮ’ ಎಂದು ನಾವು ಒಂದೇ ಉಸಿರಿಗೆ ಹೇಳುವುದು ನಿಜವಾಗಿ ಮೂರು ಬೇರೆ ಬೇರೆ ಯಜಮಾನರ ನಿಯಮಗಳು. ಎಷ್ಟು ಕಿಲೋ, ಎಷ್ಟು ಪೆಟ್ಟಿಗೆ ಎನ್ನುವುದು ವಿಮಾನ ಕಂಪನಿಯ ಮಾತು. ಅಲ್ಲಿ ದುಡ್ಡು ಕೊಟ್ಟರೆ ದಾರಿ ಉಂಟು. ಏನನ್ನು ಕೈಯಲ್ಲಿ ಒಯ್ಯಬಹುದು, ಏನನ್ನು ಚೆಕ್-ಇನ್ ಮಾಡಿ ಕೆಳಗಿನ ಸಾಮಾನು ಕೋಣೆಗೆ ಹಾಕಬಹುದು ಎನ್ನುವುದು ವಿಮಾನಯಾನ ಭದ್ರತೆಯ ಮಾತು. ಅಲ್ಲಿ ದುಡ್ಡೂ ನಡೆಯುವುದಿಲ್ಲ, ವಿನಂತಿಯೂ ನಡೆಯುವುದಿಲ್ಲ. ಇಳಿಯುವ ಊರಿನಲ್ಲಿ ಏನನ್ನು ಒಳಗೆ ಬಿಡುತ್ತಾರೆ ಎನ್ನುವುದು ಆ ದೇಶದ ಕಾನೂನು. ಅದನ್ನು ಮೀರಿದರೆ ದಂಡ, ಕೆಲವು ವಸ್ತುಗಳಿಗೆ ಜೈಲು. ಬಜಪೆಯ ಕೌಂಟರಿನಲ್ಲಿ ಕೂತವರು ತೂಕ ನೋಡಿ ‘ಸರಿ ಉಂಟು’ ಎಂದರೆ ಮೊದಲನೆಯದಕ್ಕೆ ಮಾತ್ರ ಸರಿ ಎಂದ ಹಾಗೆ. ಪೆಟ್ಟಿಗೆಯಲ್ಲಿರುವ ಗಸಗಸೆಗೆ ದುಬೈಯವರು ಏನನ್ನುತ್ತಾರೆ ಎಂಬ ಉತ್ತರ ಅವರ ಬಳಿ ಇಲ್ಲ.

ಮೊದಲು ತೂಕ. ಇ-ಟಿಕೆಟಿನ ಪ್ರಿಂಟ್ ತೆಗೆದು ಬ್ಯಾಗೇಜ್ ಎಂಬ ಸಾಲನ್ನು ಹುಡುಕಬೇಕು. ಅಲ್ಲಿ ‘30 ಕೆ’ ಅಥವಾ ‘30 ಕೆಜಿ’ ಎಂದಿದ್ದರೆ ತೂಕದ ಲೆಕ್ಕ. ‘1 ಪಿಸಿ’, ‘2 ಪಿಸಿ’ ಎಂದಿದ್ದರೆ ಪೀಸ್ ಲೆಕ್ಕ. ಎರಡೂ ಬೇರೆಯೇ ಗಣಿತ, ಒಂದರ ಬುದ್ಧಿ ಇನ್ನೊಂದಕ್ಕೆ ನಡೆಯುವುದಿಲ್ಲ. ಗಲ್ಫಿಗೆ ಹೋಗಿ ಬಂದು ರೂಢಿಯಾದವರು ಮಗಳ ಬಾಣಂತನಕ್ಕೆಂದು ಮೊದಲ ಸಲ ಅಮೆರಿಕಕ್ಕೆ ಹೊರಟಾಗ ಎಡವುವುದು ಇಲ್ಲೇ.

ತೂಕದ ಲೆಕ್ಕದಲ್ಲಿ ಒಟ್ಟು ಕಿಲೋ ಮುಖ್ಯ. ಒಂದೇ ಪಿಎನ್‌ಆರ್‌ನಲ್ಲಿ, ಅಂದರೆ ಒಂದೇ ಬುಕಿಂಗ್ ಸಂಖ್ಯೆಯಲ್ಲಿ, ಗಂಡ, ಹೆಂಡತಿ, ಮಗು ಮೂವರಿಗೂ ತಲಾ 30 ಕಿಲೋ ಇದ್ದರೆ 90 ಕಿಲೋವನ್ನು ಒಟ್ಟಿಗೆ ಹಂಚಿಕೊಳ್ಳಲು ಹೆಚ್ಚಿನ ಕಂಪನಿಗಳು ಬಿಡುತ್ತವೆ. ಒಂದು ಪೆಟ್ಟಿಗೆ 31, ಇನ್ನೊಂದು 27 ಇದ್ದರೂ ಗಲಾಟೆ ಇಲ್ಲ. ಆದರೆ ಮೂವರೂ ಒಟ್ಟಿಗೇ ಕೌಂಟರಿಗೆ ಹೋಗಬೇಕು. ಒಬ್ಬರು ಮೊದಲೇ ಹೋಗಿ ಬೋರ್ಡಿಂಗ್ ಪಾಸ್ ತೆಗೆದುಕೊಂಡುಬಿಟ್ಟರೆ ಅವರ ಪಾಲಿನ ತೂಕವನ್ನು ಸೇರಿಸಲು ಆಮೇಲೆ ಹೆಣಗಬೇಕಾಗುತ್ತದೆ. ಬೇರೆ ಬೇರೆ ಟಿಕೆಟ್ ಮಾಡಿಸಿದ ನೆಂಟರಿಗೆ ಈ ಹಂಚಿಕೆ ಸಿಗುತ್ತದೆಂದು ನಂಬಿ ಹೊರಡಬಾರದು. ಎಷ್ಟೇ ಕಿಲೋ ಹಕ್ಕಿದ್ದರೂ ಒಂದು ಪೆಟ್ಟಿಗೆ 32 ಕಿಲೋ ದಾಟಬಾರದು ಎನ್ನುವುದು ಹೆಚ್ಚುಕಡಿಮೆ ಎಲ್ಲ ಕಡೆಯೂ ಇರುವ ಮಿತಿ.

ಆ 32ಕ್ಕೆ ಕಾರಣ ಯಂತ್ರವಲ್ಲ, ಮನುಷ್ಯರು. ಮಂಗಳೂರಿನಿಂದ ಗಲ್ಫಿಗೆ ಹಾರುವ ಬೋಯಿಂಗ್ 737ರಂಥ ವಿಮಾನದ ಹೊಟ್ಟೆಯೊಳಗೆ ನೆಟ್ಟಗೆ ನಿಲ್ಲುವಷ್ಟು ಎತ್ತರವಿಲ್ಲ. ಲೋಡರುಗಳು ಬಗ್ಗಿಕೊಂಡು, ಮಂಡಿಯೂರಿಕೊಂಡು ಒಂದೊಂದೇ ಪೆಟ್ಟಿಗೆಯನ್ನು ಕೈಯಿಂದ ಎಳೆದು ಜೋಡಿಸುತ್ತಾರೆ. ಬಜಪೆಯ ಏಪ್ರಿಲ್ ಸೆಕೆಯಲ್ಲಿ ಆ ಕೆಲಸ ಹೇಗಿರುತ್ತದೆಂದು ಊಹಿಸಿದರೆ, 35 ಕಿಲೋದ ಪೆಟ್ಟಿಗೆಗೆ ‘ಮೂರೇ ಕಿಲೋ ಅಲ್ವಾ’ ಎಂದು ಕೌಂಟರಿನಲ್ಲಿ ವಾದ ಮಾಡಲು ಮನಸ್ಸು ಬಾರದು.

ಪೀಸ್ ಲೆಕ್ಕ ಬೇರೆ. ಅಮೆರಿಕ, ಕೆನಡಾ ದಾರಿಯ ಇಕಾನಮಿ ಟಿಕೆಟಿನಲ್ಲಿ ‘2 ಪಿಸಿ’ ಎಂದರೆ ಸಾಮಾನ್ಯವಾಗಿ ತಲಾ 23 ಕಿಲೋದ ಎರಡು ಪೆಟ್ಟಿಗೆ. ಇಲ್ಲಿ ಒಟ್ಟು 46 ಎಂದು ಕೂಡಿಸುವ ಹಾಗಿಲ್ಲ. ಒಂದು 27, ಇನ್ನೊಂದು 18 ಇದ್ದರೆ ಒಟ್ಟು 45 ಮಾತ್ರವಾದರೂ 27 ಕಿಲೋದ್ದಕ್ಕೆ ಓವರ್‌ವೆಯ್ಟ್ ಶುಲ್ಕ ಬೀಳುತ್ತದೆ. ಗಂಡನ ಪೆಟ್ಟಿಗೆ 20 ಇದೆ, ಹೆಂಡತಿಯದು 26 ಇದೆ ಎಂದರೂ ಅದೇ ಉತ್ತರ. ಮನೆಯಲ್ಲೇ ಪ್ರತಿ ಪೆಟ್ಟಿಗೆಯನ್ನೂ 22.5ಕ್ಕೆ ನಿಲ್ಲಿಸುವುದೊಂದೇ ಉಪಾಯ. ಅಳತೆಗೂ ಇಲ್ಲಿ ಬೆಲೆ ಹೆಚ್ಚು: ಉದ್ದ, ಅಗಲ, ಎತ್ತರ ಕೂಡಿದರೆ 158 ಸೆಂಟಿಮೀಟರ್ ಮೀರಬಾರದು. ಚಕ್ರ, ಹಿಡಿಕೆ ಎಲ್ಲ ಸೇರಿಯೇ ಈ ಅಳತೆ. 75, 50, 33 ಕೂಡಿದರೆ ಸರಿಯಾಗಿ 158. ಅಂಗಡಿಯಲ್ಲಿ ‘ದೊಡ್ಡದು’ ಎಂದು ಕೊಡುವ ಸೂಟ್‌ಕೇಸಿನಲ್ಲಿ ಕೆಲವು ಇದನ್ನು ದಾಟುತ್ತವೆ, ಟೇಪು ಹಿಡಿದು ನೋಡಿಯೇ ಕೊಳ್ಳಬೇಕು.

ಟಿಕೆಟಿನಲ್ಲಿ ‘0 ಪಿಸಿ’ ಅಥವಾ ‘ನಿಲ್’ ಎಂದೂ ಇರಬಹುದು. ‘ಲೈಟ್’ ಎಂಬ ಹೆಸರಿನ ಅಗ್ಗದ ದರಗಳಲ್ಲಿ ಚೆಕ್-ಇನ್ ಲಗೇಜೇ ಇರದಿರುವುದು ಉಂಟು. ಬುಕಿಂಗ್ ಮಾಡುವ ಮಕ್ಕಳು ಸಾವಿರ ರೂಪಾಯಿ ಉಳಿಯಿತೆಂದು ಅದನ್ನೇ ಒತ್ತುತ್ತಾರೆ, ಪೆಟ್ಟಿಗೆ ಕಟ್ಟುವ ಅಮ್ಮನಿಗೆ ಅದು ಗೊತ್ತಿರುವುದಿಲ್ಲ. ಹೆಚ್ಚುವರಿ ತೂಕ ಬೇಕೆಂದು ಗೊತ್ತಿದ್ದರೆ ಕಂಪನಿಯ ವೆಬ್‌ಸೈಟಿನಲ್ಲಿ 5, 10, 15 ಕಿಲೋದ ಹಂತದಲ್ಲಿ ಮೊದಲೇ ಕೊಳ್ಳಬೇಕು. ಹೊರಡುವ ಕೆಲವು ಗಂಟೆ ಮೊದಲು ಆ ಬಾಗಿಲು ಮುಚ್ಚುತ್ತದೆ. ಆಮೇಲೆ ಕೌಂಟರಿನಲ್ಲಿ ಕಿಲೋ ಲೆಕ್ಕದಲ್ಲಿ ತೆರುವ ದರ ಸಾಮಾನ್ಯವಾಗಿ ಅದಕ್ಕಿಂತ ಬಹಳ ದುಬಾರಿ; ಮೂರು ಕಿಲೋ ಕುಚ್ಚಲಕ್ಕಿಗೆ ಕೊಟ್ಟ ದುಡ್ಡಿನಲ್ಲಿ ಅಬುಧಾಬಿಯಲ್ಲೇ ತಿಂಗಳ ಅಕ್ಕಿ ಬರುತ್ತದೆ. ಕುಚ್ಚಲಕ್ಕಿ ಈಗ ಅಲ್ಲಿನ ಅಂಗಡಿಗಳಲ್ಲೂ ಸಿಗುತ್ತದೆ. ಸಿಗದೇ ಇರುವುದು ಮನೆಯ ಮಿಡಿ ಉಪ್ಪಿನಕಾಯಿ, ಸಾಂತಾಣಿ, ಮಾಂಬಳ. ತೂಕ ಕಡಿಮೆ ಮಾಡಬೇಕಾಗಿ ಬಂದರೆ ಮೊದಲು ಇಳಿಸಬೇಕಾದದ್ದು ಅಕ್ಕಿ ಎಂದೇ ನನ್ನ ಅಭಿಪ್ರಾಯ.

ಖಾಲಿ ಸೂಟ್‌ಕೇಸಿನ ತೂಕವನ್ನು ಯಾರೂ ನೋಡುವುದಿಲ್ಲ. ಗಟ್ಟಿ ಕವಚದ ದೊಡ್ಡದೊಂದು ನಾಲ್ಕೈದು ಕಿಲೋ ತಾನೇ ತಿನ್ನುತ್ತದೆ. ಒಳ್ಳೆಯ ರಟ್ಟಿನ ಪೆಟ್ಟಿಗೆ ಒಂದು ಕಿಲೋ ಸುಮಾರು. ಗಲ್ಫಿನವರು ಕಾರ್ಟನ್ನನ್ನು ಬಿಡದಿರುವುದರ ಹಿಂದೆ ಈ ಲೆಕ್ಕ ಇದೆ, ಅದನ್ನು ಹಗುರವಾಗಿ ನೋಡುವವರಿಗೆ ಇದು ಗೊತ್ತಿಲ್ಲ. ಆದರೆ ಮಳೆಗಾಲದಲ್ಲಿ ಬಜಪೆಯಲ್ಲಿ ವಿಮಾನ ನಿಲ್ಲುವ ಬಯಲಿನಲ್ಲಿ ಟ್ರಾಲಿಯ ಮೇಲೆ ನೆನೆದ ರಟ್ಟು ಅಡಿಯಿಂದ ಬಿಡುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾರ್ಟನ್ ಒಯ್ಯುವವರು ಒಳಗೆ ದಪ್ಪ ಪ್ಲಾಸ್ಟಿಕ್ ಚೀಲವಿಟ್ಟು ಅದರೊಳಗೆ ಸಾಮಾನು ತುಂಬಬೇಕು, ಅಡಿಯ ಜೋಡಣೆಗೆ ಅಡ್ಡ ಉದ್ದ ಎರಡೂ ಕಡೆ ಟೇಪು ಹಾಕಬೇಕು. ಮರಳಿ ಬರುವವರಿಗೆ ಇನ್ನೊಂದು ಎಚ್ಚರ: ದುಬೈ ವಿಮಾನ ನಿಲ್ದಾಣವು 2017ರ ಮಾರ್ಚಿನಿಂದ ದುಂಡಗಿನ, ಆಕಾರವಿಲ್ಲದ ಗಂಟುಗಳನ್ನು ತೆಗೆದುಕೊಳ್ಳುತ್ತಿಲ್ಲ. ಕನಿಷ್ಠ ಒಂದು ಬದಿಯಾದರೂ ಸಮತಟ್ಟಾಗಿರಬೇಕು. ಕಂಬಳಿಯ ಉರುಟು ಗಂಟು, ಹಗ್ಗ ಬಿಗಿದ ಮೂಟೆ ಬೆಲ್ಟಿನ ಮೇಲೆ ಉರುಳಿ ಸಿಕ್ಕಿಹಾಕಿಕೊಂಡು ಇಡೀ ಸಾಲನ್ನೇ ನಿಲ್ಲಿಸುತ್ತವೆ. ಅಲ್ಲಿ ಹೊಸ ಪೆಟ್ಟಿಗೆ ಕೊಂಡು ತುಂಬಿಕೊಡಬೇಕಾಗುತ್ತದೆ.

ತೂಕ ನೋಡಲು ಕೊಕ್ಕೆಯಿರುವ ಡಿಜಿಟಲ್ ತೂಕದ ಯಂತ್ರ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಅದಿಲ್ಲದಿದ್ದರೆ ಮನುಷ್ಯರು ನಿಲ್ಲುವ ತಕ್ಕಡಿಯ ಮೇಲೆ ಪೆಟ್ಟಿಗೆ ಹಿಡಿದು ನಿಂತು, ಆಮೇಲೆ ಬರಿಗೈಯಲ್ಲಿ ನಿಂತು ಕಳೆಯುವುದು. ಮನೆಯ ತೂಕಕ್ಕೂ ಕೌಂಟರಿನ ತೂಕಕ್ಕೂ ಅರ್ಧ ಕಿಲೋ ಹೆಚ್ಚುಕಡಿಮೆ ಬರುವುದು ಮಾಮೂಲಿ, ಅಷ್ಟು ಜಾಗ ಬಿಟ್ಟೇ ಕಟ್ಟಬೇಕು. ಕೈಚೀಲಕ್ಕೆ ನಮ್ಮ ದೇಶದ ಕಂಪನಿಗಳಲ್ಲಿ 7 ಕಿಲೋ, 55, 35, 25 ಸೆಂಟಿಮೀಟರಿನ ಅಳತೆ. ಅದನ್ನು ಗೇಟಿನ ಬಳಿಯೂ ತೂಗುತ್ತಾರೆ.

ಬೆಂಗಳೂರು, ಮುಂಬಯಿ ಮೇಲೆ ಹೋಗುವವರಿಗೆ ತೂಕದ ಇನ್ನೊಂದು ಬಲೆ ಇದೆ. ಮಂಗಳೂರಿನಿಂದ ಕೊನೆಯ ಊರಿನವರೆಗೆ ಒಂದೇ ಟಿಕೆಟ್ ಇದ್ದರೆ ಅಂತಾರಾಷ್ಟ್ರೀಯ ಮಿತಿಯೇ ದೇಶದೊಳಗಿನ ಹಾರಾಟಕ್ಕೂ ಅನ್ವಯಿಸುತ್ತದೆ, ಪೆಟ್ಟಿಗೆ ಇಲ್ಲಿಂದಲೇ ಅಲ್ಲಿಗೆ ಟ್ಯಾಗ್ ಆಗುತ್ತದೆ. ಎರಡು ಬೇರೆ ಟಿಕೆಟ್ ಮಾಡಿಸಿದರೆ ಮಂಗಳೂರು–ಬೆಂಗಳೂರು ಹಾರಾಟ ಬರೀ ದೇಶೀಯ ಪ್ರಯಾಣ. ಅಲ್ಲಿ ಸಾಮಾನ್ಯವಾಗಿ 15 ಕಿಲೋ. ಮುಂದೆ 46 ಕಿಲೋ ಹಕ್ಕಿದ್ದವರು ಈ ಒಂದು ಗಂಟೆಯ ಹಾರಾಟಕ್ಕೆ 31 ಕಿಲೋದ ಶುಲ್ಕ ಕಟ್ಟಬೇಕಾಗುತ್ತದೆ. ಜೊತೆಗೆ ಬೆಂಗಳೂರಿನಲ್ಲಿ ಪೆಟ್ಟಿಗೆ ಇಳಿಸಿಕೊಂಡು ಮತ್ತೆ ಚೆಕ್-ಇನ್ ಮಾಡಬೇಕು. ಅಲ್ಲಿ 2023ರ ಸೆಪ್ಟೆಂಬರಿನಿಂದ ಅಂತಾರಾಷ್ಟ್ರೀಯ ವಿಮಾನಗಳು ಟರ್ಮಿನಲ್ 2ರಲ್ಲಿ ನಡೆಯುತ್ತವೆ. ನೀವು ಇಳಿಯುವುದು ಟರ್ಮಿನಲ್ 1ರಲ್ಲಾದರೆ ಎರಡು ಪೆಟ್ಟಿಗೆಯ ಜೊತೆ ಟರ್ಮಿನಲ್ ಬದಲಿಸುವ ಹೊತ್ತನ್ನೂ ಲೆಕ್ಕಕ್ಕೆ ಹಿಡಿಯಬೇಕು. ಎರಡು ಟಿಕೆಟಿನವರಿಗೆ ರಾತ್ರಿ ಬಸ್ಸೇ ಮೇಲು.

ಮರಳುವಾಗ ಒಂದೇ ಟಿಕೆಟ್ ಇದ್ದರೂ ಬೇರೆ ಕತೆ. ಭಾರತದೊಳಗೆ ಮೊದಲು ಇಳಿಯುವ ಊರಿನಲ್ಲೇ, ಉದಾಹರಣೆಗೆ ಮುಂಬಯಿಯಲ್ಲಿ, ಪೆಟ್ಟಿಗೆ ತೆಗೆದುಕೊಂಡು ಕಸ್ಟಮ್ಸ್ ದಾಟಿ ಮತ್ತೆ ಮಂಗಳೂರಿಗೆ ಹಾಕಬೇಕಾಗುವುದೇ ಸಾಮಾನ್ಯ. ಟ್ಯಾಗಿನ ಮೇಲೆ ಮಂಗಳೂರಿನ ಗುರುತಾದ ‘ಐಎಕ್ಸ್‌ಇ’ ಇದೆಯೆಂದು ನೇರ ದೇಶೀಯ ಗೇಟಿಗೆ ನಡೆದವರ ಪೆಟ್ಟಿಗೆ ಮುಂಬಯಿಯ ಬೆಲ್ಟಿನಲ್ಲೇ ತಿರುಗುತ್ತಿರುತ್ತದೆ. ಅಮೆರಿಕಕ್ಕೆ ಹೋದವರೂ ಮೊದಲು ಇಳಿಯುವ ನಗರದಲ್ಲಿ ಹೀಗೇ ಮಾಡಬೇಕು. ಡ್ಯೂಟಿ ಫ್ರೀಯಲ್ಲಿ ಕೊಂಡ ಬಾಟಲಿಗಳನ್ನು ಚೆಕ್-ಇನ್ ಪೆಟ್ಟಿಗೆಗೆ ಸೇರಿಸಲು ಆ ಮರು ಚೆಕ್-ಇನ್ನೇ ಕೊನೆಯ ಅವಕಾಶ.

ಇನ್ನು ಎರಡನೆಯ ಯಜಮಾನರು, ಭದ್ರತೆಯವರು. ಕೈಚೀಲದ ದ್ರವ ನಿಯಮ 2006ರ ಆಗಸ್ಟಿನಲ್ಲಿ ಲಂಡನ್ನಿನಲ್ಲಿ ಬಯಲಾದ ದ್ರವ ಸ್ಫೋಟಕದ ಸಂಚಿನ ನಂತರ ಬಂದದ್ದು. ಒಂದು ಡಬ್ಬಿಗೆ 100 ಮಿಲಿಲೀಟರ್, ಎಲ್ಲ ಡಬ್ಬಿಗಳೂ ಒಂದು ಲೀಟರಿನ ಪಾರದರ್ಶಕ ಜಿಪ್ ಚೀಲದೊಳಗೆ. ಡಬ್ಬಿಯ ಅಳತೆ ಲೆಕ್ಕ, ಒಳಗೆ ಉಳಿದದ್ದಲ್ಲ: 200 ಮಿಲಿಲೀಟರಿನ ತೆಂಗಿನೆಣ್ಣೆ ಬಾಟಲಿಯ ತಳದಲ್ಲಿ ನಾಲ್ಕು ಚಮಚ ಉಳಿದಿದ್ದರೂ ಅದು ಹೋಗುತ್ತದೆ. ಉಪ್ಪಿನಕಾಯಿ, ತುಪ್ಪ, ಚಟ್ನಿ, ಜೇನು, ಪುನರ್ಪುಳಿ ಸಿರಪ್ಪು ಎಲ್ಲವನ್ನೂ ದ್ರವವೆಂದೇ ತಿಳಿದು ಕೆಳಗೆ ಹಾಕುವುದು ಒಳ್ಳೆಯದು. ಅಮೆರಿಕದ ವಿಮಾನಕ್ಕೆ 2018ರಿಂದ ಪುಡಿಗಳಿಗೂ ಕೈಚೀಲದಲ್ಲಿ ಮಿತಿ ಇದೆ, 350 ಮಿಲಿಲೀಟರ್ ಡಬ್ಬಿಗಿಂತ ಹೆಚ್ಚಿನದ್ದನ್ನು ತೆಗೆಸಬಹುದು. ಸಾರಿನ ಪುಡಿ, ಗಸಿಯ ಮಸಾಲೆ ಪೆಟ್ಟಿಗೆಯಲ್ಲೇ ಇರಲಿ. ಹೆರೆಮಣೆ, ಮೆಟ್ಟುಕತ್ತಿ ಅಲುಗಿನ ವಸ್ತುಗಳು, ಕೆಳಗೇ ಹೋಗಬೇಕು; ಅಲುಗಿಗೆ ದಪ್ಪ ರಟ್ಟು ಸುತ್ತಿರಬೇಕು, ಪೆಟ್ಟಿಗೆ ತೆರೆದು ನೋಡುವವರ ಕೈ ಕೊಯ್ಯಬಾರದು.

ನಮ್ಮ ಜಿಲ್ಲೆಗಳವರನ್ನು ಅತಿ ಹೆಚ್ಚು ಬೇಸರಪಡಿಸುವುದು ಕೊಬ್ಬರಿ. ಒಣ ಕೊಬ್ಬರಿ ವಿಮಾನಯಾನದ ಅಪಾಯಕಾರಿ ವಸ್ತುಗಳ ಪಟ್ಟಿಯಲ್ಲಿದೆ, ಯುಎನ್ 1363 ಎಂಬ ಸಂಖ್ಯೆಯಲ್ಲಿ, ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಲ್ಲ ವಸ್ತುಗಳ 4.2ನೇ ವರ್ಗದಲ್ಲಿ. ಕೊಬ್ಬರಿಯ ಎಣ್ಣೆ ಗಾಳಿಯ ಆಮ್ಲಜನಕದ ಜೊತೆ ಸೇರುವಾಗ ಶಾಖ ಹುಟ್ಟುತ್ತದೆ. ತೇವ ಉಳಿದಿದ್ದರೆ ಬೂಸ್ಟು, ಸೂಕ್ಷ್ಮಜೀವಿಗಳು ಅದಕ್ಕೆ ಇನ್ನಷ್ಟು ಶಾಖ ಸೇರಿಸುತ್ತವೆ. ಗಾಳಿಯಾಡದ ಕಟ್ಟಿನಲ್ಲಿ ಆ ಶಾಖಕ್ಕೆ ಹೊರದಾರಿ ಇರುವುದಿಲ್ಲ. ಗಾಣಕ್ಕೆ ಕೊಬ್ಬರಿ ಹಾಕುವವರಿಗೆ, ರಾಶಿಯ ನಡುವೆ ಕೈಯಿಟ್ಟು ನೋಡಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಹಸಿ ತೆಂಗಿನಕಾಯಿ ಬೇರೆ. ಅದು ಸಾಮಾನ್ಯವಾಗಿ ಚೆಕ್-ಇನ್‌ನಲ್ಲಿ ಹೋಗುತ್ತದೆ, ಕೈಚೀಲದಲ್ಲಿ ಬಿಡುವುದಿಲ್ಲ. ಶಬರಿಮಲೆ ಯಾತ್ರಿಗಳ ಇರುಮುಡಿಯ ಕಾಯಿಗೆ ಕೈಚೀಲದಲ್ಲಿ 2025ರ ಜನವರಿ 20ರವರೆಗೆ ಅವಕಾಶ ಕೊಡಲು ಪ್ರತ್ಯೇಕ ಆದೇಶವೇ ಬೇಕಾಯಿತು. ಪೂಜೆಯ ಸಾಮಾನಿನಲ್ಲಿ ಕರ್ಪೂರವೂ ಇದೇ ಪಟ್ಟಿಯದು, ಸುಲಭವಾಗಿ ಉರಿಯುವ ಘನ ವಸ್ತು. ಬೆಂಕಿಪೊಟ್ಟಣ, ಲೈಟರ್ ನಮ್ಮ ದೇಶದ ನಿಲ್ದಾಣಗಳಲ್ಲಿ ಕೈಚೀಲಕ್ಕೂ ಇಲ್ಲ, ಪೆಟ್ಟಿಗೆಗೂ ಇಲ್ಲ. ಗೃಹಪ್ರವೇಶಕ್ಕೆಂದು ಇಡೀ ಪೂಜೆಯ ಕಟ್ಟನ್ನು ಒಯ್ಯುವವರು ಕೊಬ್ಬರಿ, ಕರ್ಪೂರ, ಬೆಂಕಿಪೊಟ್ಟಣ ಈ ಮೂರನ್ನು ತೆಗೆದಿಟ್ಟು ಉಳಿದದ್ದನ್ನು ಒಯ್ಯಬಹುದು.

ಪವರ್ ಬ್ಯಾಂಕ್ ಇದರ ತಿರುವುಮುರುವು, ಅದು ಕೈಚೀಲದಲ್ಲೇ ಇರಬೇಕು. ಲಿಥಿಯಂ ಬ್ಯಾಟರಿ ಒಳಗೇ ಕೆಟ್ಟು ಬಿಸಿಯೇರಲು ತೊಡಗಿದರೆ ಒಂದು ಕೋಶದಿಂದ ಇನ್ನೊಂದಕ್ಕೆ ದಾಟುತ್ತಾ ಹೋಗುತ್ತದೆ. ಕ್ಯಾಬಿನ್ನಿನಲ್ಲಾದರೆ ಹೊಗೆ ಕಂಡ ಕೂಡಲೇ ಸಿಬ್ಬಂದಿ ನೀರು ಸುರಿದು ತಣಿಸುತ್ತಾರೆ, ಕೆಳಗಿನ ಸಾಮಾನು ಕೋಣೆಯಲ್ಲಿ ಕೈಗೆಟುಕುವವರಿಲ್ಲ. ಮಿತಿ 100 ವ್ಯಾಟ್-ಅವರ್, ಬ್ಯಾಟರಿ ಹಿಡಿಯುವ ವಿದ್ಯುತ್ತಿನ ಲೆಕ್ಕ ಅದು. ಡಬ್ಬಿಯ ಮೇಲೆ ಎಂಎಎಚ್ ಮಾತ್ರ ಇದ್ದರೆ ಅದನ್ನು 3.7ರಿಂದ ಗುಣಿಸಿ 1000ದಿಂದ ಭಾಗಿಸಬೇಕು: 20,000 ಎಂಎಎಚ್ ಎಂದರೆ 74, ಸಲ್ಲುತ್ತದೆ. 30,000 ಎಂದರೆ 111, ಕಂಪನಿಯ ಒಪ್ಪಿಗೆ ಬೇಕು. 160 ದಾಟಿದರೆ ಒಪ್ಪಿಗೆಯೂ ಇಲ್ಲ. ಸಂಖ್ಯೆ ಅಳಿಸಿಹೋದ ಹಳೆಯ ಪವರ್ ಬ್ಯಾಂಕನ್ನು ತಡೆದರೆ ವಾದಿಸಲು ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ಕೆಲವು ಕಂಪನಿಗಳು ಇದಕ್ಕಿಂತ ಬಿಗಿ. ಎಮಿರೇಟ್ಸ್ 2025ರ ಅಕ್ಟೋಬರ್ 1ರಿಂದ ಒಬ್ಬರಿಗೆ ಒಂದೇ ಎಂದಿದೆ, ವಿಮಾನದೊಳಗೆ ಅದನ್ನು ಬಳಸುವಂತೆಯೂ ಇಲ್ಲ. ಗೇಟಿನಲ್ಲಿ ಜಾಗವಿಲ್ಲವೆಂದು ನಿಮ್ಮ ಕೈಚೀಲವನ್ನು ಕೆಳಗೆ ಹಾಕಲು ತೆಗೆದುಕೊಂಡರೆ, ಕೊಡುವ ಮೊದಲು ಪವರ್ ಬ್ಯಾಂಕ್, ಔಷಧ, ಪಾಸ್‌ಪೋರ್ಟ್ ಹೊರಗೆ ತೆಗೆದುಕೊಳ್ಳಬೇಕು. ಆ ಗಡಿಬಿಡಿಯಲ್ಲಿ ಬಹಳ ಮಂದಿ ಮರೆಯುತ್ತಾರೆ.

ಮೂರನೆಯ ಯಜಮಾನರ, ಅಂದರೆ ಇಳಿಯುವ ದೇಶದವರ, ವಿಷಯದಲ್ಲಿ ನನಗೆ ನಿಜವಾದ ಆತಂಕವಿದೆ, ಯಾಕೆಂದರೆ ಇಲ್ಲಿ ನಷ್ಟ ದುಡ್ಡಿನದ್ದಲ್ಲ. ಗಸಗಸೆ ನಮ್ಮಲ್ಲಿ ಪಾಯಸದ ಸಾಮಾನು. ಯುಎಇ, ಸೌದಿ, ಕತಾರ್‌ಗಳಲ್ಲಿ ಅದು ಮಾದಕವಸ್ತುವಿನ ಕಾನೂನಿಗೆ ಬರುತ್ತದೆ, ಅಫೀಮಿನ ಗಿಡದ ಬೀಜವೆಂಬ ಕಾರಣಕ್ಕೆ. ಸಣ್ಣ ಪೊಟ್ಟಣವೂ ಬೇಡ, ಗಸಗಸೆ ಹಾಕಿ ರುಬ್ಬಿದ ಒಣ ಮಸಾಲೆಯೂ ಬೇಡ. ವೀಳ್ಯದೆಲೆಯನ್ನು ಯುಎಇ ನಿಷೇಧಿಸಿದೆ, ಮದುವೆಯ ತಾಂಬೂಲದ ಕಟ್ಟು ಪೆಟ್ಟಿಗೆಯೊಳಗೆ ಉಳಿದಿದೆಯೇ ಎಂದು ನೋಡಿಕೊಳ್ಳಬೇಕು. ಔಷಧಗಳಲ್ಲಿ ಟ್ರಮಡಾಲ್, ಕೋಡೀನ್ ಇರುವ ಕೆಮ್ಮಿನ ಸಿರಪ್ಪು, ಆಲ್ಪ್ರಜೋಲಾಮ್, ಡಯಜೆಪಾಮ್‌ನಂಥ ನಿದ್ರೆ–ಆತಂಕದ ಮಾತ್ರೆಗಳು ಅಲ್ಲಿ ನಿಯಂತ್ರಿತ ವಸ್ತುಗಳು. ಯುಎಇಗೆ ಇವನ್ನು ಒಯ್ಯಲು ಪ್ರಯಾಣಕ್ಕೆ ಮೊದಲೇ ಅಲ್ಲಿನ ಸರ್ಕಾರದ ಆನ್‌ಲೈನ್ ಅನುಮತಿ ಪಡೆಯಬೇಕು, ವೈದ್ಯರ ಚೀಟಿ ಜೊತೆಗಿರಬೇಕು. ಮಾತ್ರೆಗಳನ್ನು ಶೀಟಿನಿಂದ ಬಿಡಿಸಿ ಸಣ್ಣ ಡಬ್ಬಿಗೆ ಹಾಕುವ ಅಭ್ಯಾಸ ಮನೆಗೆ ಸರಿ, ಪ್ರಯಾಣಕ್ಕಲ್ಲ. ಹೆಸರಿಲ್ಲದ ಬಿಳಿ ಮಾತ್ರೆ ಬಿಪಿಯದ್ದೆಂದು ಅಧಿಕಾರಿಗೆ ಹೇಗೆ ಗೊತ್ತಾಗಬೇಕು?

ಇದಕ್ಕೆ ಸೇರಿದ್ದೇ ಪೊಟ್ಟಣದ ವಿಷಯ. ‘ಹೇಗೂ ದಮಾಮಿಗೆ ಹೋಗ್ತೀಯಲ್ಲ ಮಾರಾಯಾ, ನಮ್ಮ ಹುಡುಗನಿಗೆ ಇದೊಂದು ಕೊಡು’ ಎಂದು ನೆರೆಮನೆಯವರು ಕೊಟ್ಟಾಗ ಬೇಡ ಎನ್ನುವುದು ನಮ್ಮೂರಿನಲ್ಲಿ ಸುಲಭವಲ್ಲ. ಕೊಡುವವರ ಮನಸ್ಸಿನಲ್ಲಿ ಕೆಟ್ಟದ್ದು ಇರಬೇಕೆಂದೂ ಇಲ್ಲ, ಗಸಗಸೆ ಅಪರಾಧವೆಂದು ಅವರಿಗೇ ಗೊತ್ತಿರಲಾರದು. ಆದರೆ ಪೆಟ್ಟಿಗೆಯ ಟ್ಯಾಗ್ ಯಾರ ಹೆಸರಿನಲ್ಲಿದೆಯೋ ಜವಾಬ್ದಾರಿ ಅವರದ್ದು. ಹೊಲಿದ, ಟೇಪು ಹಚ್ಚಿದ ಕಟ್ಟನ್ನು ತೆಗೆದುಕೊಳ್ಳದೆ, ‘ಅಕ್ಕ, ಬಿಚ್ಚಿಯೇ ಕೊಡಿ, ನಾನೇ ಕಟ್ಟಿಕೊಳ್ತೇನೆ’ ಎಂದು ಮುಖ ನೋಡಿ ಹೇಳಿದರೆ ಯಾರಿಗೂ ಅವಮಾನವಾಗುವುದಿಲ್ಲ. ಪ್ರತಿ ವಸ್ತುವನ್ನೂ ಕಣ್ಣಾರೆ ನೋಡಿ, ಔಷಧವಿದ್ದರೆ ಚೀಟಿ ಕೇಳಿ, ಚೀಟಿಯಿಲ್ಲದಿದ್ದರೆ ವಾಪಸ್ ಕೊಡಬೇಕು.

ಅಮೆರಿಕ, ಆಸ್ಟ್ರೇಲಿಯಾದವರ ಚಿಂತೆ ಮಾದಕವಸ್ತುವಿಗಿಂತ ಹುಳುವಿನದ್ದು. ಖಪ್ರಾ ಎಂಬ ಧಾನ್ಯದ ಕೀಟವಿದೆ. ಅದರ ಮರಿಹುಳು ಆಹಾರವಿಲ್ಲದೆ ವರ್ಷಗಟ್ಟಲೆ ಬಿರುಕಿನಲ್ಲಿ ಅಡಗಿ ಬದುಕಬಲ್ಲದು. ಒಮ್ಮೆ ಗೋದಾಮು ಹೊಕ್ಕರೆ ಹೊರಹಾಕುವುದು ಬಹಳ ಕಷ್ಟ. ಭಾರತ ಆ ಕೀಟವಿರುವ ದೇಶ. ಹಾಗಾಗಿ ಅಮೆರಿಕವು 2011ರಿಂದ ಇಂಥ ದೇಶಗಳ ಪ್ರಯಾಣಿಕರ ಪೆಟ್ಟಿಗೆಯಲ್ಲಿ ಅಕ್ಕಿಯನ್ನು ಬಿಡುತ್ತಿಲ್ಲ. ಆಸ್ಟ್ರೇಲಿಯಾದ ಪಟ್ಟಿ ಇನ್ನೂ ಉದ್ದ: ಅಕ್ಕಿ, ಕಡಲೆ, ತೊಗರಿ, ಹೆಸರು, ಕೊತ್ತಂಬರಿ ಬೀಜ, ಜೀರಿಗೆ, ನೆಲಗಡಲೆ, ಒಣಮೆಣಸು. ಕೋರಿ ಗಸಿಗೆ ಬೇಕಾದ ಬ್ಯಾಡಗಿ ಮೆಣಸು, ಕೊತ್ತಂಬರಿ, ಜೀರಿಗೆ ಮೂರೂ ಅದರಲ್ಲಿವೆ ನೋಡಿ. ಮಟ್ಟುಗುಳ್ಳದಂಥ ಹಸಿ ತರಕಾರಿ, ಹಣ್ಣು, ಬಿತ್ತನೆಯ ಬೀಜ ಎರಡೂ ಕಡೆ ತೊಂದರೆಯವೇ. ಇಳಿಯುವ ಮೊದಲು ತುಂಬಿಸುವ ಫಾರಂನಲ್ಲಿ ಆಹಾರವಿದೆಯೇ ಎಂಬ ಪ್ರಶ್ನೆಗೆ, ಒಂದು ಹಪ್ಪಳವಿದ್ದರೂ, ಹೌದು ಎಂದೇ ಗುರುತು ಹಾಕಬೇಕು. ಹೌದೆಂದು ತೋರಿಸಿದವರಿಂದ ಬೇಡದ್ದನ್ನು ತೆಗೆದುಕೊಂಡು ಕಳಿಸುತ್ತಾರೆ. ಇಲ್ಲವೆಂದು ಬರೆದವರ ಪೆಟ್ಟಿಗೆಯಲ್ಲಿ ಸಿಕ್ಕರೆ ದಂಡ, ವೀಸಾದ ಮೇಲೂ ಪರಿಣಾಮವಾಗಬಹುದು. ಬಾಣಂತನಕ್ಕೆ ಹೊರಟ ಅಮ್ಮಂದಿರಿಗೆ ಮಕ್ಕಳು ಇದನ್ನು ಫೋನಿನಲ್ಲಿ ಎರಡು ಸಲ ಹೇಳಬೇಕು.

ಕಟ್ಟುವ ಕೆಲಸದಲ್ಲಿ ಎಣ್ಣೆ ಸೋರುವುದೇ ದೊಡ್ಡ ದೂರು. ಸಾಮಾನು ಕೋಣೆಯಲ್ಲೂ ಕ್ಯಾಬಿನ್ನಿನಷ್ಟೇ ಗಾಳಿಯ ಒತ್ತಡವಿರುತ್ತದೆ, ಆದರೆ ಅದು ನೆಲಮಟ್ಟಕ್ಕಿಂತ ಕಾಲುಭಾಗದಷ್ಟು ಕಡಿಮೆಯಾಗಬಹುದು. ಬಾಟಲಿಯೊಳಗೆ ಸಿಕ್ಕಿಕೊಂಡ ಗಾಳಿ ಹಿಗ್ಗಿ ಎಣ್ಣೆಯನ್ನು ಮುಚ್ಚಳದತ್ತ ದೂಡುತ್ತದೆ. ಮೆತ್ತನೆಯ ಪ್ಲಾಸ್ಟಿಕ್ ಬಾಟಲಿಯಾದರೆ ಮುಚ್ಚುವ ಮೊದಲು ಬದಿಯನ್ನು ಸ್ವಲ್ಪ ಅದುಮಿ ಗಾಳಿ ತೆಗೆಯಬೇಕು. ಬಾಯಿಗೆ ಪ್ಲಾಸ್ಟಿಕ್ ಹಾಳೆ ಇಟ್ಟು ಮುಚ್ಚಳ ತಿರುಗಿಸಿ, ಮುಚ್ಚಳ ತಿರುಗುವ ದಿಕ್ಕಿನಲ್ಲೇ ಟೇಪು ಸುತ್ತಿ, ಎರಡು ಜಿಪ್ ಚೀಲದೊಳಗೆ ಹಾಕಿ ಪೆಟ್ಟಿಗೆಯ ನಡುವೆ ನಿಲ್ಲಿಸಬೇಕು. ಉಪ್ಪುನೀರಿನಲ್ಲಿ ಹಾಕಿಟ್ಟ ಹಲಸಿನ ಸೊಳೆಯ, ಅಂದರೆ ಉಪ್ಪುಸೊಳೆಯ, ಕತೆ ಇನ್ನೂ ಕಷ್ಟ, ಅದು ಹುದುಗುತ್ತಾ ಒಳಗೇ ಅನಿಲ ಹುಟ್ಟಿಸುತ್ತದೆ. ಉಪ್ಪುನೀರನ್ನು ಪೂರ್ತಿ ಹಿಂಡಿ ತೆಗೆದು, ಒಂದು ದಿನ ಫ್ರಿಜ್ಜಿನಲ್ಲಿಟ್ಟು, ಹೊರಡುವ ಹೊತ್ತಿಗೆ ಕಟ್ಟಿದರೆ ತಲುಪುತ್ತದೆ. ಒಣಮೀನಿಗೆ ಜಿಪ್ ಚೀಲ ಸಾಲದು. ವ್ಯಾಕ್ಯೂಮ್ ಪ್ಯಾಕ್ ಮಾಡಿಕೊಡುವ ಅಂಗಡಿಯಲ್ಲಿ ಮಾಡಿಸಿಕೊಳ್ಳಿ, ಇಲ್ಲವಾದರೆ ನಿಮ್ಮ ಬಟ್ಟೆಗೆ ಮಾತ್ರವಲ್ಲ, ಪಕ್ಕದ ಪೆಟ್ಟಿಗೆಯವರಿಗೂ ವಾಸನೆ ಹತ್ತುತ್ತದೆ.

ಉಮ್ರಾ ಮುಗಿಸಿ ಜಿದ್ದಾದಿಂದ ಬರುವವರು ಝಮ್‌ಝಮ್ ನೀರನ್ನು ಬಟ್ಟೆಯ ಪೆಟ್ಟಿಗೆಯೊಳಗೆ ಅಡಗಿಸಬಾರದು. ಅದಕ್ಕೆಂದೇ ಅಧಿಕೃತವಾಗಿ ಪ್ಯಾಕ್ ಮಾಡಿದ 5 ಲೀಟರಿನ ಪೆಟ್ಟಿಗೆ ಸಿಗುತ್ತದೆ, ಅದನ್ನು ಪ್ರತ್ಯೇಕವಾಗಿ ಹಾಕಬೇಕು.

ಚಿನ್ನ, ಲ್ಯಾಪ್‌ಟಾಪ್, ದಾಖಲೆ ಯಾವುದನ್ನೂ ಚೆಕ್-ಇನ್ ಪೆಟ್ಟಿಗೆಗೆ ಹಾಕಬೇಡಿ. ಕಳೆದರೆ ಇವುಗಳ ಹೊಣೆ ಹೊರುವುದಿಲ್ಲವೆಂದು ಹೆಚ್ಚಿನ ಕಂಪನಿಗಳ ಷರತ್ತಿನಲ್ಲೇ ಇರುತ್ತದೆ. ವಿದೇಶದ ಮದುವೆಗೆ ಮೈತುಂಬ ಒಡವೆ ಹಾಕಿಕೊಂಡು ಹೋಗಿ ಬರುವವರು ಹೊರಡುವಾಗಲೇ ಕಸ್ಟಮ್ಸ್ ಅಧಿಕಾರಿಗೆ ತೋರಿಸಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿಕೊಳ್ಳಬೇಕು. ಮರಳುವಾಗ ಇದು ಇಲ್ಲಿಂದಲೇ ಒಯ್ದದ್ದು ಎನ್ನಲು ಅದೇ ಸಾಕ್ಷಿ. ತೂಕ, ಬಿಲ್ಲು, ಫೋಟೋ ಜೊತೆಗಿಟ್ಟುಕೊಂಡು ಒಂದು ಗಂಟೆ ಮೊದಲೇ ಹೋಗಿ.

ಕೌಂಟರಿನಲ್ಲಿ ಪೆಟ್ಟಿಗೆ ಬೆಲ್ಟಿನ ಮೇಲೆ ಸರಿಯುವ ಮೊದಲು ಎರಡು ನೋಟ ಬೇಕು. ಹಳೆಯ ಪ್ರಯಾಣದ ಟ್ಯಾಗು, ಬಾರ್‌ಕೋಡ್ ಚೂರು ಉಳಿದಿದ್ದರೆ ಕಿತ್ತು ಹಾಕಿ, ಯಂತ್ರ ಅದನ್ನೇ ಓದಿ ಬೇರೆ ಕಡೆ ಕಳಿಸಬಹುದು. ಹೊಸ ಟ್ಯಾಗಿನಲ್ಲಿ ಕೊನೆಯ ಊರಿನ ಮೂರಕ್ಷರ ಸರಿಯಿದೆಯೇ ನೋಡಿ. ಬೋರ್ಡಿಂಗ್ ಪಾಸಿಗೆ ಅಂಟಿಸಿಕೊಡುವ ಚೀಟಿಯಲ್ಲಿ ಹತ್ತು ಅಂಕಿಗಳಿವೆ: ಮೊದಲನೆಯದನ್ನು ಬಿಟ್ಟು ಮುಂದಿನ ಮೂರು ವಿಮಾನ ಕಂಪನಿಯ ಸಂಖ್ಯೆ, ಉಳಿದ ಆರು ನಿಮ್ಮ ಪೆಟ್ಟಿಗೆಯದ್ದು. ಅದರ ಫೋಟೋ, ಮುಚ್ಚಿದ ಪೆಟ್ಟಿಗೆಯ ಫೋಟೋ, ತೆರೆದ ಪೆಟ್ಟಿಗೆಯ ಫೋಟೋ ತೆಗೆದಿಡಿ. ಹೆಸರು, ಎರಡೂ ದೇಶದ ಫೋನ್ ನಂಬರ್ ಬರೆದ ಕಾಗದ ಪೆಟ್ಟಿಗೆಯ ಒಳಗೂ ಇರಲಿ.

ಇಷ್ಟೆಲ್ಲ ಮಾಡಿದರೂ ಪೆಟ್ಟಿಗೆ ಹಿಂದುಳಿಯಬಹುದು. ಮಂಗಳೂರಿನದ್ದು ಗುಡ್ಡದ ತುದಿಯ 2,450 ಮೀಟರಿನ ರನ್‌ವೇ. ಒದ್ದೆ ರನ್‌ವೇ, ಸೆಕೆ, ಗಾಳಿಯ ದಿಕ್ಕು ಇವುಗಳಿಂದ ಯಾವ ವಿಮಾನಕ್ಕಾದರೂ ಹೊರಬಲ್ಲ ತೂಕ ಇಳಿಯುತ್ತದೆ. ತೂಕ ಇಳಿಸಲೇಬೇಕಾದಾಗ ಕಂಪನಿಗಳು ಜನರನ್ನು ಬಿಟ್ಟು ಹೋಗುವ ಬದಲು ಕೆಲವು ಪೆಟ್ಟಿಗೆಗಳನ್ನು ಮುಂದಿನ ವಿಮಾನಕ್ಕೆ ಇಡುತ್ತವೆ. ಒಂದೆರಡು ದಿನದ ಬಟ್ಟೆ, ಔಷಧ ಕೈಚೀಲದಲ್ಲಿರಬೇಕೆನ್ನುವುದು ಇದಕ್ಕೇ.

ಬೆಲ್ಟು ನಿಂತರೂ ಪೆಟ್ಟಿಗೆ ಬರದಿದ್ದರೆ, ಅಥವಾ ಒಡೆದು ಬಂದರೆ, ನಿಲ್ದಾಣದಿಂದ ಹೊರಗೆ ಕಾಲಿಡಬೇಡಿ. ಅಲ್ಲೇ ವಿಮಾನ ಕಂಪನಿಯ ಲಗೇಜ್ ಮೇಜಿನಲ್ಲಿ ಪಿಐಆರ್ ಎಂಬ ವರದಿ ಬರೆಸಿ, ಪ್ರತಿ ಮತ್ತು ಸಂಖ್ಯೆ ಪಡೆಯಿರಿ. ಮನೆಗೆ ಹೋಗಿ ಫೋನ್ ಮಾಡುತ್ತೇನೆಂದರೆ ಪೆಟ್ಟಿಗೆ ವಿಮಾನದಲ್ಲೇ ಒಡೆಯಿತೆಂದು ತೋರಿಸುವುದು ಕಷ್ಟವಾಗುತ್ತದೆ. ಆ ವರದಿಯೇ ಪರಿಹಾರದ ಅರ್ಜಿಯಲ್ಲ, ಅರ್ಜಿ ಬೇರೆಯೇ ಬರೆಯಬೇಕು. ಭಾರತ 2009ರಲ್ಲಿ ಸೇರಿದ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಒಡೆದದ್ದಕ್ಕೆ, ಹಾಳಾದದ್ದಕ್ಕೆ ಪೆಟ್ಟಿಗೆ ಕೈಸೇರಿದ 7 ದಿನದೊಳಗೆ ಲಿಖಿತ ದೂರು ಕೊಡಬೇಕು. ತಡವಾಗಿ ಬಂದದ್ದಕ್ಕೆ ಕೈಸೇರಿದ 21 ದಿನದೊಳಗೆ. 21 ದಿನವಾದರೂ ಬಾರದಿದ್ದರೆ ಕಳೆದುಹೋಯಿತೆಂದು ಪರಿಗಣಿಸಿ ಪರಿಹಾರ ಕೇಳಬಹುದು. ಪರಿಹಾರದ ಗರಿಷ್ಠ ಮಿತಿ 2024ರ ಡಿಸೆಂಬರ್ 28ರಿಂದ ಒಬ್ಬ ಪ್ರಯಾಣಿಕರಿಗೆ 1,519 ಎಸ್‌ಡಿಆರ್. ಎಸ್‌ಡಿಆರ್ ಎಂದರೆ ಅಂತಾರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಮಾನ, ಒಂದು ಡಾಲರಿಗಿಂತ ಹೆಚ್ಚು. ಇದು ಗರಿಷ್ಠ ಮಾತ್ರ, ಕಳೆದ ವಸ್ತುವಿನ ಬೆಲೆಯನ್ನು ನೀವು ತೋರಿಸಿದಷ್ಟೇ ಸಿಗುತ್ತದೆ. ತೆರೆದ ಪೆಟ್ಟಿಗೆಯ ಆ ಫೋಟೋ, ಸೀರೆಯ ಬಿಲ್ಲು ಆಗ ಕೆಲಸಕ್ಕೆ ಬರುತ್ತವೆ. ಪೆಟ್ಟಿಗೆ ಬರುವವರೆಗೆ ಕೊಂಡ ಅಗತ್ಯದ ಬಟ್ಟೆ, ಸಾಬೂನಿನ ರಸೀದಿಗಳನ್ನೂ ಸೇರಿಸಿ. ಕಂಪನಿ ಉತ್ತರಿಸದಿದ್ದರೆ ಕೋರ್ಟಿಗೆ ಹೋಗಲು ಎರಡು ವರ್ಷ ಇದೆ, ವಿಮಾನ ಇಳಿದ ದಿನದಿಂದ ಲೆಕ್ಕ.